ಮಾನಮ್ಮ ಉಜ್ಜಿದ ಗಾಲಿ

ಮಾನಮ್ಮನ ಬಲಗೈ ಹೆಬ್ಬೆರಳಿನಲ್ಲಿ ಗೆರೆಗಳು ಉಳಿದಿರಲಿಲ್ಲ. ಶಹಾಡ್‌ನ ರೇಷನ್ ಅಂಗಡಿಯವನು ಆ ಬೆರಳನ್ನು ತನ್ನ ಪುಟ್ಟ ಯಂತ್ರದ ಗಾಜಿನ ಮೇಲೆ ಒತ್ತಿಸುತ್ತಿದ್ದ, ಯಂತ್ರ ಒಲ್ಲೆ ಅನ್ನುತ್ತಿತ್ತು. ಸೆರಗಿಗೆ ಒರೆಸಿಕೊಂಡು ಮತ್ತೆ ಒತ್ತುತ್ತಿದ್ದಳು, ಮತ್ತೆ ಒಲ್ಲೆ. "ಕಾಯ್ ಹೋ ಮಾವುಶಿ, ಬೋಟ್ ಕುಠೇ ವಿಸರೂನ್ ಆಲಾತ್?" ಎಂದು, ಬೆರಳನ್ನು ಎಲ್ಲಿ ಮರೆತು ಬಂದಿರಿ ಚಿಕ್ಕಮ್ಮ ಎಂದು, ಅವನು ಮರಾಠಿಯಲ್ಲಿ ನಗುತ್ತಿದ್ದ. "ಕಾರಖಾನ್ಯಾತ್," ಕಾರಖಾನೆಯಲ್ಲಿ, ಅನ್ನುತ್ತಿದ್ದಳು ಮಾನಮ್ಮ. ಕೊನೆಗೆ ಎಡಗೈಯ ಕಿರುಬೆರಳು ಯಂತ್ರಕ್ಕೆ ಒಪ್ಪಿಗೆಯಾಗಿ ಅಕ್ಕಿ ಸಿಗುತ್ತಿತ್ತು.

ಅವಳು ಹೇಳುತ್ತಿದ್ದದ್ದು ತಮಾಷೆಯಲ್ಲ. ಆ ಗೆರೆಗಳು ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ವಸಾಹತಿನ ಒಂದು ಶೆಡ್ಡಿನಲ್ಲಿ, ಉಜ್ಜುಕಾಗದದ ಬೆನ್ನ ಮೇಲೆ, ವರ್ಷಗಟ್ಟಲೆ ಸವೆದು ನೀರಿಗೆ ಹೋದವು.

ಅವಳು ಸಿಂದಗಿ ಕಡೆಯವಳು. ಸೈದಪ್ಪನ ಕೈಹಿಡಿದು ಕಲ್ಯಾಣಕ್ಕೆ ಬಂದಾಗ ಅವಳಿಗೆ ಅಕ್ಷರವೆಂದರೆ ತನ್ನ ಹೆಸರು ಮಾತ್ರ, ಅದೂ ಗೋಡೆಯ ಮೇಲೆ ಇದ್ದಿಲಿನಿಂದ ಬರೆದರೆ. ಸೈದಪ್ಪ ಡೊಂಬಿವಲಿಯ ಫೌಂಡ್ರಿಯಲ್ಲಿ ಮರಳು ತುಂಬುವವನು. ಕಬ್ಬಿಣದ ಚೌಕಟ್ಟಿನಲ್ಲಿ ಮರದ ಮಾದರಿ ಇಟ್ಟು, ಸುತ್ತ ಮರಳು ಜಡಿದು, ಮಾದರಿಯನ್ನು ಮೆಲ್ಲಗೆ ಎತ್ತಿದರೆ ಅದರ ಪೊಳ್ಳು ಉಳಿಯುತ್ತದೆ. ಆ ಪೊಳ್ಳಿಗೆ ಕರಗಿದ ಲೋಹ. ಮನೆಗೆ ಬಂದರೆ ಅವನ ಕಿವಿಯಿಂದಲೂ ಮರಳು ಉದುರುತ್ತಿತ್ತು. ಮಕ್ಕಳಾಗಲಿಲ್ಲ. ಊರಿನವರು ಆ ಬಗ್ಗೆ ಆಡುವಷ್ಟು ಆಡಿ ದಣಿದರು. ಗಂಡ ಹೆಂಡತಿ ಇಬ್ಬರೂ ಒಂದು ದಿನವೂ ಆಡಲಿಲ್ಲ. ಅವನಿಗೆ ದಮ್ಮು ಹತ್ತಿತು, ಒಂದು ಮಳೆಗಾಲ ಕೆಮ್ಮಿದ, ಇನ್ನೊಂದು ಮಳೆಗಾಲ ಕಾಣಲಿಲ್ಲ.

ಶಹಾಡ್‌ನ ಚಾಳಿನಲ್ಲಿ ಆಗ ಒಂದು ಸಾಲಿಗೆ ಸಾಲೇ ಕಲಬುರಗಿ, ವಿಜಯಪುರ, ರಾಯಚೂರಿನವರು. ನಲ್ಲಿಯ ಮುಂದೆ ಜಗಳವೂ ಕನ್ನಡದಲ್ಲೇ ಆಗುತ್ತಿತ್ತು. ಆಮೇಲೆ ಒಬ್ಬೊಬ್ಬರೇ ಕಟ್ಟಡದ ಕೆಲಸದ ಹಿಂದೆ ಬದಲಾಪುರ, ತಳೋಜಾ ಅಂತ ಸರಿದರು. ಕಡೆಗೆ ಪಕ್ಕದ ಖೋಲಿಯ ಭೀಮುವಿನ ಸಂಸಾರವೂ ಗಂಟುಮೂಟೆ ಟೆಂಪೋಗೆ ಹಾಕಿತು. ಈಗ ಜಗಳಕ್ಕೂ ಯಾರೂ ಇಲ್ಲ. ಬೇಕಾದ್ದು ಕೇಳಲಿಕ್ಕೆ ಹಿಂದಿ ಇತ್ತು, ಬೇಡವಾದ್ದು ದೂಡಲಿಕ್ಕೆ ಮರಾಠಿ ಇತ್ತು. ಏನೂ ಬೇಕಿಲ್ಲದೆ ಸುಮ್ಮನೆ ಆಡುವ ಮಾತು ಮಾತ್ರ ಕನ್ನಡದ್ದು. ಅದನ್ನು ಕೇಳುವ ಕಿವಿ ಇರಲಿಲ್ಲ. ಕೆಲವೊಮ್ಮೆ ಹಾಲು ಉಕ್ಕಿದಾಗ "ಅಯ್ಯ ನಿನ್ನ" ಅನ್ನುತ್ತಿದ್ದಳು. ಅಷ್ಟೇ ದಿನದ ಕನ್ನಡ.

ಫೌಂಡ್ರಿ ಮುಚ್ಚಿತು. ಮಾಲೀಕರ ಮಗ ಹಿತೇಶ್ ಅದೇ ಶೆಡ್ಡಿನಲ್ಲಿ ಹೊಸ ಧಂಧೆ ಹಚ್ಚಿದ. ಮಾದರಿ ಕೆತ್ತಲು ಈಗ ಬಡಗಿ ಬೇಡ. ಕಂಪ್ಯೂಟರಿನಲ್ಲಿ ಸಾಮಾನಿನ ಚಿತ್ರ ಬಿಡಿಸಿ, ಅದನ್ನು ಫೈಲು ಮಾಡಿ ಯಂತ್ರಕ್ಕೆ ಕೊಟ್ಟರೆ, ಯಂತ್ರವು ಜೇನಿನಂಥ ದ್ರವವನ್ನು ಪದರ ಪದರವಾಗಿ ಗಟ್ಟಿ ಮಾಡುತ್ತ ಮಾದರಿಯನ್ನು ಬೆಳೆಸುತ್ತದೆ. ಬೀಳದ ಹಾಗೆ ಅಡಿಗೆ ಸಣ್ಣ ಆಸರೆ ಕಡ್ಡಿಗಳನ್ನೂ ಕೊಡುತ್ತದೆ. ಎರಕದವರು ಆ ಮಾದರಿಗೆ ಗಾರೆ ಹಚ್ಚಿ, ಒಣಗಿಸಿ, ಸುಟ್ಟು, ಉಳಿದ ಪೊಳ್ಳಿಗೆ ಲೋಹ ಹೊಯ್ಯುತ್ತಾರೆ. ಮಾದರಿ ಉರಿದುಹೋಗುತ್ತದೆ, ಆಕಾರ ಉಳಿಯುತ್ತದೆ. ಮಾನಮ್ಮ ಅಲ್ಲಿ ಕಸ ಹೊಡೆಯಲು ಸೇರಿದವಳು. ಎಸೆದಿದ್ದ ಒಂದು ಒರಟು ಮಾದರಿಯನ್ನು ಎತ್ತಿಕೊಂಡು, ಊಟದ ಬಿಡುವಿನಲ್ಲಿ ನೀರು ಮುಟ್ಟಿಸಿ ಮುಟ್ಟಿಸಿ ಉಜ್ಜಿದಳು. ಹಿತೇಶ್ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ಮರುದಿನದಿಂದ ಕಸಕ್ಕೆ ಬೇರೆಯವಳು ಬಂದಳು, ಮಾನಮ್ಮನಿಗೆ ಕಿಟಕಿ ಪಕ್ಕದ ಮೇಜು ಸಿಕ್ಕಿತು. ಒಂದು ಸ್ಟೀಲಿನ ಬಟ್ಟಲು, ಒಂದು ಚಿಂದಿ, ಉಜ್ಜುಕಾಗದದ ಕಟ್ಟು.

ಆಗ ಕಂಪ್ಯೂಟರಿಗೆ ಮನೀಶ ಎಂಬವನಿದ್ದ. ಚುರುಕಿನವನು, ಆದರೆ ಅವಸರದವನು. ಅವನು ಕಳಿಸಿದ ಫೈಲಿನಿಂದ ದುಂಡಗಿರಬೇಕಾದ್ದೆಲ್ಲ ಹಲಗೆ ಹಲಗೆಯಾಗಿ ಬರುತ್ತಿತ್ತು, ಮೊಂಡ ಈಳಿಗೆಯಲ್ಲಿ ಸೋರೆಕಾಯಿ ಹೆರೆದ ಹಾಗೆ. ಆ ಏಣುಗಳನ್ನೆಲ್ಲ ಉಜ್ಜಿ ಉಜ್ಜಿ ದುಂಡು ಮಾಡುವುದೇ ಮಾನಮ್ಮನ ಕೆಲಸ. ಉಜ್ಜಿದರೆ ಸಾಮಾನು ಸಣ್ಣದಾಗುತ್ತದಲ್ಲ? ಅದಕ್ಕೆಂದು ಮನೀಶ ಫೈಲಿನಲ್ಲೇ ಹೊರಮೈಗೆ ಒಂದು ತೆಳು ಸಿಪ್ಪೆ ಹೆಚ್ಚಿಗೆ ಇಡುತ್ತಿದ್ದ. "ಯೇ ಮಾವುಶಿ ಕಾ ಹಿಸ್ಸಾ" ಎಂದು, ಇದು ಮಾವುಶಿಯ ಪಾಲು ಎಂದು ನಗುತ್ತಿದ್ದ. ಮಾನಮ್ಮನೂ ನಗುತ್ತಿದ್ದಳು, ಏನೋ ತನ್ನನ್ನು ಚೇಷ್ಟೆ ಮಾಡುತ್ತಾನೆ ಎಂದು. ಒಂದು ದಿನ ಮನೀಶನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತು. ಆ ಪಾಲಿನ ಸಂಗತಿಯನ್ನು ಯಾರಿಗೂ ಹೇಳದೆ ಹೋದ.

ಅವನ ಜಾಗಕ್ಕೆ ಶ್ರೀವಾಣಿ ಬಂದಳು.

ಬಂದ ದಿನ ಅವಳೂ ಎಲ್ಲರ ಜೊತೆ ಹಿಂದಿಯಲ್ಲೇ ಮಾತಾಡುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಮಾನಮ್ಮನ ಉಗುರಿನ ಸಂದಿಗೆ ಮಾದರಿಯ ಚೂರೊಂದು ಚುಚ್ಚಿತು. "ಅಯ್ಯಯ್ಯಪ್ಪಾ ಶಿವನ!" ಅಂದಳು, ಯಾರಿಗೆಂದು ಅಂದದ್ದಲ್ಲ. ಕಂಪ್ಯೂಟರಿನ ಹಿಂದಿನಿಂದ ಒಂದು ತಲೆ ಎದ್ದಿತು.

"ಎಂತ ಆಯ್ತು ಅಮ್ಮ?"

ಮಾನಮ್ಮ ನೋವು ಮರೆತಳು. "ನೀ ಕನ್ನಡದಾಕಿ ಏನವಾ?"

"ಹೌದು, ಉಡುಪಿಯವ್ರು. ಮನೆಯಲ್ಲಿ ತುಳು. ಅಪ್ಪಂದು ಇಲ್ಲೇ ನೌಪಾಡಾದಲ್ಲಿ ಸಣ್ಣ ಹೋಟೆಲು ಉಂಟು. ಇಲ್ಲಿ ತೋರ್ಸಿ ಬೆರಳು, ರಕ್ತ ಬರ್ತಾ ಉಂಟು."

"ಬರ್ಲಿ ಬಿಡು. ಹೋಟೆಲಿನಾಗ ಏನೇನ ಮಾಡ್ತೀರಿ?"

ಅಂದಿನಿಂದ ಮಧ್ಯಾಹ್ನದ ಡಬ್ಬಿ ಒಂದೇ ಮೇಜಿನ ಮೇಲೆ ತೆರೆಯಿತು. ಮಾನಮ್ಮನದು ಕಟಕ ರೊಟ್ಟಿ, ಶೇಂಗಾ ಹಿಂಡಿ. ಶ್ರೀವಾಣಿಯದು ನೀರುದೋಸೆ.

"ಇದೇನ ದ್ವಾಸಿನೋ ಧೋತರಾನೋ? ಈ ಕಡೆ ಹಿಡದ್ರ ಆ ಕಡಿ ಗ್ವಾಡಿ ಕಾಣಸ್ತೈತಿ."

"ನಿಮ್ಮ ರೊಟ್ಟಿ ತಿನ್ಲಿಕ್ಕೆ ನಂಗೆ ಬೇರೆ ಹಲ್ಲು ಕಟ್ಟಿಸ್ಬೇಕು ಮಾರಾಯ್ರೆ. ಒಂದು ತುಂಡಿಗೆ ದವಡೆ ಬಿದ್ದು ಹೋಯ್ತು."

"ಎರಡ ದಿನಾ ತಿನ್ನು, ದವಡಿ ಗಟ್ಟಿ ಆಕ್ಕೈತಿ. ಗಂಡನ ಮನ್ಯಾಗ ಉಪಯೋಗ ಬರ್ತೈತಿ."

ಇಂಥ ಮಾತು. ಯಾವ ಲೆಕ್ಕಕ್ಕೂ ಬರದ ಮಾತು. ಆದರೆ ಮಾನಮ್ಮ ಬೆಳಗ್ಗೆ ಶಹಾಡ್ ಪ್ಲಾಟ್‌ಫಾರ್ಮಿನಲ್ಲಿ ನಿಂತು, ಟಿಟವಾಳಾ ಕಡೆಯಿಂದ ತುಂಬಿ ಬರುವ ಗಾಡಿಗೆ ಕಾಯುವಾಗ, ಆ ಮಧ್ಯಾಹ್ನಕ್ಕೆ ಏನು ಹೇಳಬೇಕೆಂದು ಗಂಟು ಕಟ್ಟಿಕೊಳ್ಳುತ್ತಿದ್ದಳು. ರೈಲಿನಲ್ಲಿ ಕಂಡ ಹೆಂಗಸು, ಸಂತೆಯಲ್ಲಿ ಕಂಡ ಬದನೆಕಾಯಿ, ಯಾವುದನ್ನೂ ವ್ಯರ್ಥ ಮಾಡುತ್ತಿರಲಿಲ್ಲ. ಖೋಲಿಗೆ ಹಿಂದಿರುಗಿದ ಮೇಲೆ ಒಲೆಯ ಮುಂದೆ ಕೂತು ಆ ದಿನದ ಮಾತನ್ನು ಮತ್ತೊಮ್ಮೆ ಮೊದಲಿನಿಂದ ಆಡಿಕೊಳ್ಳುತ್ತಿದ್ದಳು, ಅವಳದೂ ತನ್ನದೂ ಎರಡೂ.

ಶ್ರೀವಾಣಿಗೆ ಮನೀಶನ ಹಲಗೆ ಹಲಗೆ ಫೈಲುಗಳನ್ನು ನೋಡಿದರೆ ಮೈ ಉರಿಯುತ್ತಿತ್ತು. ಒಂದು ದಿನ ಮಾನಮ್ಮನನ್ನು ಕರೆದು ಪರದೆಯ ಮೇಲೆ ತೋರಿಸಿದಳು.

"ನೋಡಿ ಅಮ್ಮ, ಈ ಯಂತ್ರಕ್ಕೆ ದುಂಡು ಅಂದ್ರೆ ಗೊತ್ತೇ ಇಲ್ಲ. ನಾವು ಫೈಲು ಕಳಿಸುವಾಗ ದುಂಡಿನ ಮೈಯನ್ನೆಲ್ಲ ಸಣ್ಣ ಸಣ್ಣ ಮೂರು ಮೂಲೆಯ ತುಂಡು ಜೋಡಿಸಿ ಮುಚ್ತದೆ. ತುಂಡು ದೊಡ್ಡದಾದ್ರೆ ಏಣು ಏಣು ಕಾಣ್ತದೆ. ಸಣ್ಣದು ಮಾಡಿದಷ್ಟು ದುಂಡು."

ಮಾನಮ್ಮ ಮೂಗು ಪರದೆಗೆ ತಾಗುವಷ್ಟು ಬಾಗಿ ನೋಡಿದಳು. "ಇದು ಕೌದಿ ಅಲ್ಲೇನವಾ."

"ಕೌದಿ ಅಂದ್ರೆ?"

"ಹಳೀ ಸೀರಿ ಹರದು, ತುಂಡ ತುಂಡ ಕೂಡಿಸಿ ಹೊಲಿಯೂದು. ಹೊದ್ಕೊಳ್ಳಾಕ. ತುಂಡ ದೊಡ್ಡದಿಟ್ರ ಸೆಟಗೊಂಡ ನಿಂದ್ರತೈತಿ. ಸಣ್ಣಸಣ್ಣದಿಟ್ರ ಮೈಗೆ ಅಪ್ಪಿಕೊಂತೈತಿ. ಆದ್ರ ಹೊಲ್ಯಾಕ ಭಾಳ ದಿನಾ ಬೇಕ."

"ಅದೇ ಅದೇ! ಇದಕ್ಕೂ ಬೇಕು," ಎಂದು ಶ್ರೀವಾಣಿ ಚಪ್ಪಾಳೆ ತಟ್ಟಿದಳು. ತುಂಡುಗಳನ್ನು ಆದಷ್ಟು ಸಣ್ಣದು ಮಾಡಿ ಫೈಲು ಬರೆಯಲು ಬಿಟ್ಟಳು. ಹಳೆಯ ಕಂಪ್ಯೂಟರು ಏದುಸಿರು ಬಿಟ್ಟಿತು. ಇಬ್ಬರೂ ಚಹಾ ಕುಡಿದು, ಲೋಟ ತೊಳೆದು ಬಂದು ಕೂತರೂ ಅದು ಇನ್ನೂ ಬರೆಯುತ್ತಲೇ ಇತ್ತು.

ಆ ಫೈಲು ಒಂದು ಗಾಲಿಯದು. ತಳೋಜಾದ ಪಂಪಿನವರು ಕೇಳಿದ್ದು. ಪಂಪಿನ ಹೊಟ್ಟೆಯಲ್ಲಿ ತಿರುಗಿ ನೀರು ದೂಡುವ, ಬಾಗಿದ ರೆಕ್ಕೆಗಳ ಗಾಲಿ. ಮೊದಲು ಒಂದು ಮಾದರಿ, ಅದರಿಂದ ಒಂದು ಎರಕ. ಅದು ಸರಿ ಕೂತರೆ ದೊಡ್ಡ ಕೆಲಸವೇ ಹಿತೇಶನಿಗೆ. ಯಂತ್ರದಿಂದ ಮಾದರಿ ಹೊರಬಂದಾಗ ಶೆಡ್ಡಿನವರೆಲ್ಲ ಒಂದು ಸಲ ಮುಟ್ಟಿ ನೋಡಿದರು. ಏಣು ಅಂದರೆ ಏಣಿಲ್ಲ. ಕೆನೆಗಟ್ಟಿದ ಹಾಲಿನ ಹಾಗೆ ಮೈ.

ಶ್ರೀವಾಣಿ ಅದನ್ನು ತಂದು ಕಿಟಕಿಯ ಮೇಜಿನ ಮೇಲಿಟ್ಟಳು. "ಅಮ್ಮ, ಇದನ್ನು ನೀವು ಉಜ್ಜುದು ಬೇಡ ಆಯ್ತಾ? ಕೆಳಗಿನ ಆಸರೆ ಕಡ್ಡಿ ಮುರಿದು ಕೊಟ್ರೆ ಸಾಕು."

"ಆತವಾ," ಅಂದಳು ಮಾನಮ್ಮ.

ಇಲ್ಲಿ ಒಂದು ಮಾತು ಹೇಳಬೇಕು. ಮಾನಮ್ಮ ಬೆಳೆದ ಕಡೆ, ಸೊಸೆ ಬಂದು "ನೀವು ಕುಂದರ್ರಿ ಅತ್ತಿ, ನಾ ಮಾಡ್ತೀನಿ" ಅಂದರೆ ಅತ್ತೆ ಕೂಡುವುದಿಲ್ಲ. ಬೇಡ ಅನ್ನುವುದು ಕಿರಿಯಳ ಮರ್ಯಾದೆ. ಆತು ಅಂದು ಮತ್ತಷ್ಟು ಮಾಡುವುದು ಹಿರಿಯಳ ಮರ್ಯಾದೆ. ಅಂದದ್ದನ್ನೇ ನಂಬಿ ಕಾಲು ಚಾಚಿ ಕೂತವಳನ್ನು ಓಣಿಯೇ ಆಡಿಕೊಳ್ಳುತ್ತದೆ. ಅಷ್ಟು ವರ್ಷಗಳಲ್ಲಿ ಯಾರೂ ಮಾನಮ್ಮನಿಗೆ ಬೇಡ ಅಂದಿರಲಿಲ್ಲ. ಈ ಹುಡುಗಿ ಅಂದಳು. ಮುದಿ ಕೈ ನೋಡಿ ಕರುಳು ಮಿಡಿದು ಅಂದಳು ಎಂದುಕೊಂಡಳು ಮಾನಮ್ಮ. ಎದೆ ತುಂಬಿ ಬಂತು. ಅಂಥ ಹುಡುಗಿಯ ಕೆಲಸಕ್ಕೆ ಕೈ ಕಟ್ಟಿ ಕೂಡುವುದೇ?

ಬಟ್ಟಲಿಗೆ ನೀರು ಹಾಕಿಕೊಂಡಳು. ಗಾಲಿಯ ಹೊರಸುತ್ತನ್ನು ಹೆಬ್ಬೆರಳಿನಿಂದ ಸವರಿದಳು. ದೋಷ ಕಾಣಲಿಲ್ಲ. ಕಾಣದ ದೋಷ ಒಳಗೆ ಅಡಗಿರುತ್ತದೆ ಎಂದು ಮೊದಲು ಒರಟು ಕಾಗದ, ಆಮೇಲೆ ನಯದ ಕಾಗದ, ಎಂದಿನ ಕ್ರಮದಲ್ಲೇ, ಎಂದಿಗಿಂತ ಹೆಚ್ಚು ಹೊತ್ತು ಉಜ್ಜಿದಳು. ಬಟ್ಟಲಿನ ನೀರು ಮಜ್ಜಿಗೆಯಾಯಿತು. ಚೆಲ್ಲಿ, ಬೇರೆ ಹಾಕಿಕೊಂಡು ಮತ್ತೆ ಉಜ್ಜಿದಳು. ಶ್ರೀವಾಣಿ ಆಗ ಅವಳಿಗೆ ಬೆನ್ನು ಮಾಡಿ ಮುಂದಿನ ಫೈಲಿನಲ್ಲಿ ಮುಳುಗಿದ್ದಳು.

ಮಾದರಿ ಎರಕಕ್ಕೆ ಹೋಯಿತು, ಎರಕ ತಳೋಜಾಕ್ಕೆ ಹೋಯಿತು. ಅಲ್ಲಿ ಟರ್ನರ್ ಅದನ್ನು ಲೇತಿಗೆ ಕಟ್ಟಿ ಹೊರಸುತ್ತನ್ನು ಒಂದು ಸಣ್ಣ ಪದರ ತುರಿದು ಅಳತೆಗೆ ತರಬೇಕು. ತುರಿಯಲು ಲೋಹವೇ ಇಲ್ಲ. ತುರಿಯುವ ಹತ್ಯಾರ ಅಲ್ಲಲ್ಲಿ ಗಾಳಿಯನ್ನಷ್ಟೇ ಸವರಿತು. ಫೋನು ಬಂತು. ಹಿತೇಶ್ ಕೈಯಲ್ಲಿ ಫೋನು ಹಿಡಿದುಕೊಂಡೇ ಶ್ರೀವಾಣಿಯ ಮೇಜಿನ ಮುಂದೆ ನಿಂತ.

"ಶ್ರಿಂಕೇಜ್ ಡಾಲಾ ಥಾ ಕಿ ನಹೀ?"

ಲೋಹ ಆರಿದಾಗ ಕುಗ್ಗುತ್ತದೆ. ಅದಕ್ಕೆಂದು ಮಾದರಿಯನ್ನು ಆ ಕುಗ್ಗಿನಷ್ಟು ಹಿರಿದು ಮಾಡಿ ಫೈಲು ಕಳಿಸಬೇಕು. ಅದನ್ನು ಮರೆತೆಯಾ ಎಂದು ಅವನು ಕೇಳಿದ್ದು. ಶ್ರೀವಾಣಿ ಪರದೆ ತೋರಿಸಿದಳು, ಲೆಕ್ಕ ತೋರಿಸಿದಳು. ಹಾಕಿದ್ದಳು.

"ತೋ ಫಿರ್ ಗಯಾ ಕಹಾಂ?" ಎಂದ ಹಿತೇಶ್. ಹಾಕಿದ್ದು ಹೋಯಿತೆಲ್ಲಿ?

ಮತ್ತೊಂದು ಗಾಲಿ ಮಾಡಿದರು. ಶ್ರೀವಾಣಿ ತುಂಡುಗಳನ್ನು ಇನ್ನೂ ಸಣ್ಣದು ಮಾಡಿದಳು. ಕಂಪ್ಯೂಟರು ಎರಡು ಸಲ ಎಚ್ಚರ ತಪ್ಪಿ ಮೂರನೆಯ ಸಲ ಬರೆಯಿತು. ಮಾನಮ್ಮ, ಪಾಪ ಹುಡುಗಿಗೆ ಬೈಸಿಕೊಳ್ಳುವ ಹಾಗಾಯಿತು, ಈ ಸಲ ನಾನೂ ಕೈಬಿಡಬಾರದು ಎಂದು ಇನ್ನಷ್ಟು ಉಜ್ಜಿದಳು. ಎರಕ ಬಂತು. ಮತ್ತೆ ಸಣ್ಣದು, ಮೊದಲಿಗಿಂತ ಸಣ್ಣದು.

ಹಿತೇಶ್ ಈ ಸಲ ಕೂಗಲಿಲ್ಲ. ಕೂಗದಿದ್ದದ್ದೇ ಕೆಟ್ಟದ್ದಾಗಿತ್ತು. ಇನ್ನೊಂದು ಸಲ ನೋಡೋಣ, ಆಗಲೂ ಆಗದಿದ್ದರೆ ಬೇರೆಯವರನ್ನು ಹುಡುಕುತ್ತೇನೆ ಎಂದು ಮೆಲ್ಲಗೆ ಹಿಂದಿಯಲ್ಲಿ ಹೇಳಿ ಹೋದ. ಶ್ರೀವಾಣಿಯ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ.

ಮಧ್ಯಾಹ್ನ ಅವಳು ಡಬ್ಬಿ ತೆರೆಯಲಿಲ್ಲ. ಎರಡೂ ಎರಕದ ಗಾಲಿಗಳನ್ನು ಮಾನಮ್ಮನ ಮೇಜಿನ ಮೇಲಿಟ್ಟು, ಅಳತೆಯ ಉಪಕರಣದಿಂದ ಅಲ್ಲಿ ಹಿಡಿದು ಇಲ್ಲಿ ಹಿಡಿದು ನೋಡುತ್ತ ತನ್ನಷ್ಟಕ್ಕೆ ಗೊಣಗುತ್ತಿದ್ದಳು.

"ಒಂದ ತುತ್ತ ತಿನ್ನ ಯವ್ವಾ. ಹಸದ ಹೊಟ್ಟಿಗೆ ಬುದ್ಧಿ ಓಡೂದಿಲ್ಲ."

"ನಂಗೆ ಅರ್ಥವೇ ಆಗುದಿಲ್ಲ ಅಮ್ಮ. ಹೊರಗಿನ ಸುತ್ತು ಕಡಿಮೆ ಉಂಟು. ರೆಕ್ಕೆಯ ಹೊರಮೈ ಕಡಿಮೆ ಉಂಟು. ನಡುವಿನ ತೂತು ಮಾತ್ರ ಸರೀ ಉಂಟು, ಕೂದಲಿನಷ್ಟೂ ವ್ಯತ್ಯಾಸ ಇಲ್ಲ. ರೆಕ್ಕೆಗಳ ಸಂದಿಯಲ್ಲೂ ಸರೀ ಉಂಟು. ಕುಗ್ಗುದಾದ್ರೆ ಎಲ್ಲ ಒಟ್ಟಿಗೆ ಕುಗ್ಬೇಕಲ್ವಾ? ಇದನ್ನು ಕುಗ್ಗಿಸ್ತೇನೆ, ಅದನ್ನು ಬಿಡ್ತೇನೆ ಅಂತ ಲೋಹಕ್ಕೆ ಎಂತ ಬುದ್ಧಿ ಉಂಟಾ?"

ಮಾನಮ್ಮ ರೊಟ್ಟಿ ಮುರಿಯುತ್ತಿದ್ದಳು. ಕೈ ನಿಂತಿತು. ಗಾಲಿಯನ್ನು ನೋಡಿದಳು. ನಡುವಿನ ತೂತಿಗೆ ತನ್ನ ಹೆಬ್ಬೆರಳು ಹೋಗುವುದಿಲ್ಲ. ರೆಕ್ಕೆಗಳ ಸಂದಿಗೆ ಕಿರುಬೆರಳೂ ಹೋಗುವುದಿಲ್ಲ. ಬೆರಳು ಹೋಗುವ ಕಡೆಯೆಲ್ಲ ಕಡಿಮೆ, ಬೆರಳು ಹೋಗದ ಕಡೆಯೆಲ್ಲ ಸರಿ. ಮಾವುಶಿ ಕಾ ಹಿಸ್ಸಾ. ಮನೀಶ ನಕ್ಕದ್ದು ಚೇಷ್ಟೆಯಲ್ಲ. ಅವಳ ಪಾಲೆಂದು ಅವನು ಎತ್ತಿಟ್ಟ ಸಿಪ್ಪೆಯನ್ನು ಅಷ್ಟು ವರ್ಷ ಅವಳು ಉಜ್ಜಿದ್ದಳು. ಈ ಹುಡುಗಿ ಪಾಲು ಇಟ್ಟಿರಲಿಲ್ಲ, ಬೇಕಾಗಿಲ್ಲವೆಂದು. ಉಜ್ಜಬೇಡ ಅಂದಿದ್ದಳು, ಬೇಕಾಗಿಲ್ಲವೆಂದು. ಕರುಳಿಗೂ ಆ ಮಾತಿಗೂ ಸಂಬಂಧವಿರಲಿಲ್ಲ.

ಮುರಿದ ರೊಟ್ಟಿಯನ್ನು ಡಬ್ಬಿಗೆ ಹಾಕಿ ಮುಚ್ಚಿದಳು. ನೀರು ಕುಡಿದಳು.

ಆ ಸಂಜೆ ರೈಲಿನ ಲೇಡೀಸ್ ಡಬ್ಬಿಯಲ್ಲಿ ಬಾಗಿಲ ಕಂಬ ಹಿಡಿದು ನಿಂತು ಯೋಚಿಸಿದಳು. ಹೇಳಿದರೆ, ಮಾವುಶಿ ಉಜ್ಜುವುದು ಬೇಡವೇ ಬೇಡ ಎಂದು ಎಲ್ಲರಿಗೂ ಗೊತ್ತಾಗುತ್ತದೆ. ಉಜ್ಜುವುದು ಬೇಡವಾದ ಮೇಲೆ ಕಿಟಕಿಯ ಮೇಜು ಯಾಕೆ? ಹೇಳದಿದ್ದರೆ ಶ್ರೀವಾಣಿ ಹೋಗುತ್ತಾಳೆ. ಅವಳು ಹೋದ ಮೇಲೂ ಮೇಜು ಇದ್ದೀತು, ಎದುರಿಗೆ ಡಬ್ಬಿ ತೆರೆಯುವವರಿರುವುದಿಲ್ಲ. ಯಾವ ಕಡೆ ಹೊರಳಿದರೂ ಮಧ್ಯಾಹ್ನ ಹೋಯಿತು. ಕಲ್ಯಾಣ ಬಂತು, ವಿಠ್ಠಲವಾಡಿ ಬಂತು ಎಂದು ಮರಾಠಿ ಹೆಂಗಸರು ಇಳಿಯುವ ಗದ್ದಲ ಮಾಡುತ್ತಿದ್ದರು. ಅದು ಅವಳ ಗಾಡಿಯೇ ಅಲ್ಲ, ಕರ್ಜತ್ ಕಡೆಯದನ್ನು ಹತ್ತಿಬಿಟ್ಟಿದ್ದಳು. ಕಲ್ಯಾಣ ದಾಟಿ ವಿಠ್ಠಲವಾಡಿಗೆ ಹೋಗಿ, ಇಳಿದು, ತಿರುಗಿ ಕಲ್ಯಾಣಕ್ಕೆ ಬಂದು, ಅಲ್ಲಿಂದ ಶಹಾಡ್ ಗಾಡಿ ಹಿಡಿದಳು. ಅಷ್ಟು ವರ್ಷದಲ್ಲಿ ಮೊದಲ ಸಲ ಹೀಗಾಗಿತ್ತು. ಆ ತಿರುಗು ದಾರಿಯಲ್ಲೇ ಅವಳಿಗೆ ಮೂರನೆಯ ಉಪಾಯ ಹೊಳೆದದ್ದು.

ಮೂರನೆಯ ಗಾಲಿಯ ಮಾದರಿ ಮೇಜಿಗೆ ಬಂತು. ಮಾನಮ್ಮ ಆಸರೆ ಕಡ್ಡಿಗಳನ್ನು ಒಂದೊಂದಾಗಿ ಮುರಿದಳು. ಬಟ್ಟಲಿಗೆ ನೀರು ಹಾಕಿಕೊಂಡಳು. ಉಜ್ಜುಕಾಗದ ಎತ್ತಿಕೊಂಡು, ಯಾರೂ ನೋಡದಂತೆ ಅದನ್ನು ತಿರುವಿ ಹಿಡಿದಳು. ಮರಳಿನ ಮೈ ಬೆರಳ ಕಡೆಗೆ, ನುಣುಪಾದ ಬೆನ್ನು ಗಾಲಿಯ ಕಡೆಗೆ. ಹಾಗೆಯೇ ಸಂಜೆಯವರೆಗೆ ಉಜ್ಜಿದಳು. ಗಾಲಿಯದೇನೂ ಸವೆಯಲಿಲ್ಲ, ಬೆರಳು ಸವೆಯಿತು.

ಎರಕ ಸರಿ ಬಂತು. ಟರ್ನರ್ ತುರಿದ, ಗಾಲಿ ಪಂಪಿನೊಳಗೆ ಕೂತಿತು. ಹಿತೇಶ್ ಪೇಢಾ ತರಿಸಿದ. "ಶ್ರೀವಾಣಿ, ದೇಖಾ? ಆಖಿರ್ ಪಕಡ್ ಲಿಯಾ ನಾ!" ಎಂದು, ಕೊನೆಗೂ ತಪ್ಪು ಹಿಡಿದೆಯಲ್ಲ ಎಂದು ಮೆಚ್ಚಿದ. ಮಾನಮ್ಮ ಪೇಢಾವನ್ನು ಬಾಯಿಗಿಟ್ಟುಕೊಂಡು, ಎಲ್ಲ ಸುಸೂತ್ರವಾಯಿತು, ಹುಡುಗಿಯೂ ಉಳಿದಳು ಮೇಜೂ ಉಳಿಯಿತು ಎಂದುಕೊಂಡಳು.

ಶ್ರೀವಾಣಿ ಪೇಢಾ ಕೈಯಲ್ಲಿ ಹಿಡಿದುಕೊಂಡೇ ಇದ್ದಳು. "ಸರ್, ನಾನೇನೂ ಹಿಡಿದಿಲ್ಲ. ಎರಡನೇ ಸಲದ ಫೈಲನ್ನೇ ಕಳಿಸಿದ್ದು, ಒಂದಕ್ಷರವೂ ಬದಲಿಸದೆ," ಎಂದಳು ಹಿಂದಿಯಲ್ಲಿ. ಹಿತೇಶ್ ಕೈ ಬೀಸಿ ನಕ್ಕು ಹೋದ. ಅವಳು ನಗಲಿಲ್ಲ.

ಅಂದಿನಿಂದ ಅವಳು ಯಂತ್ರದ ಬೆನ್ನು ಹತ್ತಿದಳು. ಒಂದೇ ಫೈಲು ಒಮ್ಮೆ ಸಣ್ಣದು, ಒಮ್ಮೆ ಸರಿ ಹೇಗೆ ಬರುತ್ತದೆ? ಸಣ್ಣ ಸಣ್ಣ ಗುಂಡು, ಕೊಳವೆ, ಡಬ್ಬಿ ಮಾಡಿಸಿ ಅಳೆದಳು. ಎಲ್ಲ ಸರಿಯಿತ್ತು. ಸರಿಯಿದ್ದಷ್ಟೂ ಅವಳಿಗೆ ದಿಗಿಲಾಯಿತು.

"ಎಲ್ಲಿಯೋ ತಪ್ಪು ಉಂಟು ಅಮ್ಮ, ಅಡಗಿ ಕೂತಿದೆ. ದೊಡ್ಡ ಆರ್ಡರಿನಲ್ಲಿ ಎದ್ದು ಬಂದ್ರೆ ನಾನು ಎಂತ ಮಾಡ್ಲಿ?" ಡಬ್ಬಿ ತೆರೆದಿದ್ದಳು, ಆದರೆ ದೋಸೆಯನ್ನು ಚೂರು ಚೂರು ಹರಿಯುತ್ತ ಕೂತಿದ್ದಳು. "ಅಪ್ಪ ಹೇಳ್ತಾರೆ, ನಿಂಗೆ ಈ ಕೆಲಸ ಆಗುದಿಲ್ಲ, ಬಂದು ಹೋಟೆಲಿನ ಗಲ್ಲಾದಲ್ಲಿ ಕೂತ್ಕೋ ಅಂತ. ಅದೇ ಸರಿಯೋ ಏನೋ."

ಕಾಣದ ದೋಷ ಒಳಗೆ ಅಡಗಿರುತ್ತದೆ ಎಂದು ತಾನೂ ಒಂದು ದಿನ ಗಾಲಿಯನ್ನು ಹೀಗೆಯೇ ಸವರಿದ್ದು ಮಾನಮ್ಮನಿಗೆ ನೆನಪಾಯಿತು. ಇಲ್ಲದ್ದನ್ನು ಹುಡುಕುವವರ ಕೈಗೆ ಇದ್ದದ್ದೂ ಸವೆದುಹೋಗುತ್ತದೆ.

ಆಗ ಅವಳ ಮುಂದೆ ಬೇರೊಂದು ಮಾದರಿ ಇತ್ತು. ಬೆಳಗ್ಗಿನಿಂದ ಕಾಗದದ ಬೆನ್ನಿನಲ್ಲಿ ಉಜ್ಜುತ್ತಲೇ ಇದ್ದಳು. ಸ್ಟೀಲಿನ ಬಟ್ಟಲನ್ನು ಎರಡೂ ಕೈಯಿಂದ ಎತ್ತಿ ಶ್ರೀವಾಣಿಯ ಡಬ್ಬಿಯ ಪಕ್ಕಕ್ಕಿಟ್ಟಳು.

"ನೀರ ನೋಡವಾ."

"ಎಂತದು?"

"ಮುಂಜಾನಿಂದ ಉಜ್ಜಾಕತ್ತೀನಿ. ನೀರ ನೋಡು."

ಶ್ರೀವಾಣಿ ನೋಡಿದಳು. ನೀರು ತಿಳಿಯಾಗಿತ್ತು, ಬಟ್ಟಲಿನ ತಳದ ಕಂಪನಿ ಗುರುತು ಓದುವಷ್ಟು. ಅವಳು ಬಟ್ಟಲನ್ನು ನೋಡಿದಳು, ಮೇಜಿನ ಮೇಲಿನ ಉಜ್ಜುಕಾಗದವನ್ನು ನೋಡಿದಳು, ಮಗುಚಿ ಬಿದ್ದಿದ್ದ ಅದರ ಬೆನ್ನನ್ನು ನೋಡಿದಳು. ಆಮೇಲೆ ಮಾನಮ್ಮನ ಹೆಬ್ಬೆರಳನ್ನು ನೋಡಿದಳು. ಚರ್ಮ ಕೆಂಪಾಗಿ ಸುಲಿದಿತ್ತು.

"ಮೊದಲ ಎರಡು ಗಾಲಿ ನೀವು ಉಜ್ಜಿದ್ರಾ?"

"ಹೂಂ."

"ನಾನು ಹೇಳಿದ್ದಲ್ವಾ ಅಮ್ಮ, ಉಜ್ಜುದು ಬೇಡ ಅಂತ? ಬಾಯಿಬಿಟ್ಟು ಹೇಳಿದ್ದಲ್ವಾ?"

"ಮರ್ಯಾದಿಗೆ ಅಂದಿ ಅನಕೊಂಡೆ."

ಶ್ರೀವಾಣಿ ನಗತೊಡಗಿದಳು. ನಗು ನಿಲ್ಲಲಿಲ್ಲ. ಕಣ್ಣಲ್ಲಿ ನೀರು ಬಂದು, ಓಢಣಿಯಿಂದ ಒರೆಸಿಕೊಂಡು, "ದೇವ್ರೇ, ಮರ್ಯಾದೆ!" ಎಂದು ಮತ್ತೆ ನಕ್ಕಳು. ಮಾನಮ್ಮನಿಗೂ ನಗು ಬಂತು. ಆ ಮೇಜಿನ ಮೇಲೆ ಅವರು ನಕ್ಕ ಕಡೆಯ ನಗು ಅದು.

ನಗು ಮುಗಿದ ಮೇಲೆ ಮಾನಮ್ಮ ಮನೀಶ ಇಡುತ್ತಿದ್ದ ಪಾಲಿನ ಸಂಗತಿಯನ್ನೂ ಹೇಳಿದಳು. ಹುಡುಗಿ ಯೋಚನೆಗೆ ಬಿದ್ದಳು. ಅವಳಿಗೂ ತಿಳಿಯಿತು, ಮುಂದೇನೆಂದು. ದನಿ ತಗ್ಗಿಸಿದಳು.

"ಅಮ್ಮ, ಯಾರಿಗೂ ಹೇಳುದು ಬೇಡ. ನಾನು ಫೈಲಿನಲ್ಲಿ ತುಂಡು ಸ್ವಲ್ಪ ದೊಡ್ಡದಿಡ್ತೇನೆ. ಹೊರಗೆ ನಿಮ್ಮ ಪಾಲು ಅಂತ ಸಿಪ್ಪೆಯೂ ಇಡ್ತೇನೆ, ಆ ಮನೀಶನ ಹಾಗೆ. ನೀವು ಉಜ್ಜಿ. ಏನಾಗ್ತದೆ ಅದಕ್ಕೆ?"

ತಟ್ಟನೆ ಬೇಡ ಅನ್ನುವಷ್ಟು ದೊಡ್ಡವಳಲ್ಲ ಮಾನಮ್ಮ. ಬೇಕೆಂದು ಏಣು ಮಾಡಿದ ಗಾಲಿ, ಬೇಕೆಂದು ಇಟ್ಟ ಪಾಲು, ಎದುರಿಗೆ ಈ ಮುಖ, ನೀರುದೋಸೆ. ಆಸೆಯಾಯಿತು. ಕಿಟಕಿಯಾಚೆ ಟೆಂಪೋಗೆ ಪೆಟ್ಟಿಗೆ ಏರಿಸುತ್ತಿದ್ದರು. ಅದು ತುಂಬಿ ಹೋಗುವವರೆಗೂ ನೋಡಿದಳು.

"ಬ್ಯಾಡ," ಅಂದಳು.

"ಈಗ ಇದು ಮರ್ಯಾದೆಗಾ? ನಿಜಕ್ಕಾ? ನಂಗೆ ಹೇಗೆ ಗೊತ್ತಾಗ್ಬೇಕು?"

"ಖರೇನ ಬ್ಯಾಡ. ಇಷ್ಟ ದಿನಾ ಕಾಗದದ ಬೆನ್ನಿಲೆ ಉಜ್ಜೀನಿ. ಸುಳ್ಳ ಉಜ್ಜೂದು ಭಾಳ ದಣಿವು ಯವ್ವಾ. ಖರೇ ಉಜ್ಜಿದಾಗ ಹಿಂಗ ದಣದಿಲ್ಲ. ನಿನ್ನ ಕೌದಿ ಚಲೋ ಐತಿ. ಸಣ್ಣ ತುಂಡೇ ಇಡು."

ಹಿತೇಶನಿಗೆ ತಾನೇ ಹೋಗಿ ಹೇಳಿದಳು, ತನ್ನ ಮುರುಕು ಹಿಂದಿಯಲ್ಲಿ. ಅವನು ಕೆಟ್ಟವನಲ್ಲ. "ಮಾವುಶಿ, ಆಪ್‌ನೇ ತೋ ಘಿಸ್ ಘಿಸ್ ಕೇ ಮೇರಾ ಪಂಪ್ ಹೀ ಪೀ ಲಿಯಾ," ಉಜ್ಜಿ ಉಜ್ಜಿ ನನ್ನ ಪಂಪನ್ನೇ ಕುಡಿದುಬಿಟ್ಟಿರಲ್ಲ ಎಂದು ನಕ್ಕ. ಹಳೆಯ ಸೈದಪ್ಪನ ಹೆಸರು ತೆಗೆದು ಎರಡು ಒಳ್ಳೆಯ ಮಾತಾಡಿದ. ಕಡ್ಡಿ ಮುರಿಯುವ ಕೆಲಸ ಬಂದಾಗ ಫೋನು ಮಾಡಿ ಕರೆಸುತ್ತೇನೆ, ದಿನಾ ಬರುವ ತ್ರಾಸು ಯಾಕೆ ಎಂದ. ಆ ಮಾತು ಮರ್ಯಾದೆಯದೆಂದು ಮಾನಮ್ಮನಿಗೆ ಈ ಸಲ ಸರಿಯಾಗಿ ಅರ್ಥವಾಯಿತು. ಮೊದಮೊದಲು ಆಗೊಮ್ಮೆ ಈಗೊಮ್ಮೆ ಕರೆದರು. ಕಿಟಕಿ ಪಕ್ಕ ಇನ್ನೊಂದು ಯಂತ್ರ ಬಂದಿತ್ತು. ಅವಳು ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು ಕಡ್ಡಿ ಮುರಿದು, ಊಟದ ಹೊತ್ತಿಗೆ ಮೊದಲೇ ಮುಗಿಸಿ ಹೊರಟುಬಿಡುತ್ತಿದ್ದಳು. ಆಮೇಲೆ ಕರೆಯುವುದು ನಿಂತಿತು.

ಶ್ರೀವಾಣಿ ಕಾಯಂ ಆದಳು. ಅವಳೇ ಫೋನು ಮಾಡುತ್ತಾಳೆ.

ಅದಕ್ಕೊಂದು ಹೊತ್ತಿದೆ. ದೊಡ್ಡ ಫೈಲು ಬರೆಯಲು ಬಿಟ್ಟಾಗ ಅವಳಿಗೆ ಬೇರೆ ಕೆಲಸವಿರುವುದಿಲ್ಲ, ಕಂಪ್ಯೂಟರನ್ನು ಮುಟ್ಟುವ ಹಾಗೂ ಇಲ್ಲ. ಆಗ ಮಾನಮ್ಮನ ಖೋಲಿಯ ಕಪಾಟಿನಲ್ಲಿಟ್ಟ ಫೋನು ರಿಂಗಾಗುತ್ತದೆ. "ಅಮ್ಮ, ಫೈಲು ಬರೀತಾ ಉಂಟು. ಎಂತ ಮಾಡ್ತಾ ಇದ್ದೀರಿ?"

"ಕೌದಿ ಹೊಲ್ಯಾಕತ್ತೀನಿ. ಸೈದಪ್ಪನ ಧೋತರಾ ಹರದೀನಿ. ಗಟ್ಟಿ ಅರಿವಿ, ಅವನಂಗ, ಹರೀವಲ್ದು."

ತುಂಡು ಎಷ್ಟು ಸಣ್ಣದೋ ಫೈಲು ಅಷ್ಟು ಹಿರಿದು. ಫೈಲು ಎಷ್ಟು ಹಿರಿದೋ ಮಾತು ಅಷ್ಟು ಉದ್ದ. ಮಾನಮ್ಮ ಆ ಲೆಕ್ಕವನ್ನು ಬೇಗ ಕಲಿತಳು. "ಇವತ್ತ ಏನ ಸಾಮಾನವಾ?" ಎಂದು ಮೊದಲೇ ಕೇಳುತ್ತಿದ್ದಳು. ಬಾಗಿದ ರೆಕ್ಕೆಯ ಗಾಲಿ ಅಂದರೆ ಹಿಗ್ಗು. ಚೌಕ ಡಬ್ಬಿ ಅಂದರೆ, ಅದಕ್ಕೆ ದುಂಡೇ ಇಲ್ಲ, ತುಂಡು ಬೇಕಿಲ್ಲ, ಮಾತು ಈಗಲೇ ಮುಗಿಯುತ್ತದೆ ಎಂದು ಮುಖ್ಯವಾದದ್ದನ್ನು ಮೊದಲು ಹೇಳುತ್ತಿದ್ದಳು. ಒಂದು ಗಾಲಿಯ ಹೊತ್ತಿನಲ್ಲಿ ತಾನು ಕಲ್ಯಾಣಕ್ಕೆ ಬಂದ ಕಥೆಯನ್ನು ಅರ್ಧ ಹೇಳಿದಳು. ಇನ್ನೊಂದು ಗಾಲಿಯಲ್ಲಿ ಉಳಿದರ್ಧ.

ಈ ಬೇಸಿಗೆಯಲ್ಲಿ ಹಿತೇಶ್ ಹೊಸ ಕಂಪ್ಯೂಟರು ಕೊಂಡ. ಶ್ರೀವಾಣಿ ಖುಷಿಯಿಂದ ಫೋನು ಮಾಡಿ ಹೇಳಿದಳು, "ಅಮ್ಮ, ಎಂತ ಸ್ಪೀಡು ಗೊತ್ತುಂಟಾ! ಈಗ ಚಹಾ ಸೋಸುದ್ರೊಳಗೆ ಗಾಲಿ ಮುಗೀತದೆ." ಚಲೋ ಆತವಾ ಅಂದಳು ಮಾನಮ್ಮ. ಹುಡುಗಿಗೆ ಒಳ್ಳೆಯದಾದರೆ ಒಳ್ಳೆಯದೇ.

ಮೊನ್ನೆ ಫೋನು ಬಂದಾಗ ಅವಳು ಕೌದಿಯ ಅಂಚು ಮಡಿಸುತ್ತಿದ್ದಳು. ಯಾವ ಸಾಮಾನೆಂದು ಕೇಳಿದಳು. ಗಾಲಿಯೇ, ದೊಡ್ಡದು ಎಂದಳು ಶ್ರೀವಾಣಿ. ಹಾಗಾದರೆ ಆದೀತು ಎಂದು ಮಾನಮ್ಮ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ಗೋಡೆಗೆ ಒರಗಿ, ಸಾವಕಾಶವಾಗಿ ಶುರುಮಾಡಿದಳು.

"ನಿನ್ನಿ ರೇಶನ್ ಅಂಗಡಿಗೆ ಹೋಗಿದ್ದೆ. ಆ ಮಷೀನಿಗೆ ನನ್ನ ಹೆಬ್ಬಟ್ಟ ಒತ್ತಿದೆ. ಏನಾತು ಗೊತ್ತೇನ, ಮೊದಲನೇ ಸಲಕ್ಕ..."

"ಹಾಂ ಅಮ್ಮ, ಬಂತು ಫೈಲು. ಆಮೇಲೆ ಮಾಡ್ತೇನೆ ಆಯ್ತಾ?"

ಫೋನು ಸುಮ್ಮನಾಯಿತು. ಮಾನಮ್ಮ ಅದನ್ನು ಮಡಿಲಿಗಿಟ್ಟುಕೊಂಡು, ಹೆಬ್ಬೆರಳನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದಳು. ಉಜ್ಜುವುದು ನಿಂತು ಇಷ್ಟು ದಿನವಾದ ಮೇಲೆ ಅಲ್ಲಿ ಸಣ್ಣ ಸಣ್ಣ ಗೆರೆಗಳು ಮೂಡುತ್ತಿದ್ದವು, ಒಂದರ ಪಕ್ಕ ಒಂದು.

"ಮೊದಲನೇ ಸಲಕ್ಕ ಹಿಡೀತು," ಎಂದಳು. ಸೂಜಿ ತೆಗೆದುಕೊಂಡಳು.